ಕಾಯುವವರಿಗೆ ಒಂದು ಜಗಲಿ

ಯಾವ ಸರ್ಕಾರಿ ಕಟ್ಟಡಕ್ಕೆ ಹೋದರೂ ನಾನು ಮೊದಲು ನೋಡುವುದು ಜನ ಎಲ್ಲಿ ಕೂತಿದ್ದಾರೆ ಅಂತ. ಮುಂದಿನ ಕಂಬ, ಗ್ರಾನೈಟ್ ನೆಲ, ಬೋರ್ಡು ಎಲ್ಲ ಆಮೇಲೆ. ಜನ ಮೆಟ್ಟಿಲ ಮೇಲೆ ಕೂತಿದ್ದಾರಾ, ಯಾರದೋ ಬೈಕಿನ ಮೇಲೆ ಕೂತಿದ್ದಾರಾ, ಕಾಂಪೌಂಡಿಗೆ ಒರಗಿ ನಿಂತಿದ್ದಾರಾ, ಇಲ್ಲ ಎದುರಿನ ಟೀ ಅಂಗಡಿಯ ತಗಡಿನ ಕೆಳಗೆ ಸೇರಿಕೊಂಡಿದ್ದಾರಾ? ಅಷ್ಟು ನೋಡಿದರೆ ಸಾಕು, ಕಟ್ಟಡ ಕಟ್ಟುವಾಗ ಇವರ ನೆನಪು ಯಾರಿಗಾದರೂ ಇತ್ತಾ ಇಲ್ಲವಾ ಅಂತ ಗೊತ್ತಾಗುತ್ತದೆ.

ಹಾಸನದಲ್ಲಿ ನಾನು ಆರ್ಕಿಟೆಕ್ಟ್ ಆಗಿ ಕೆಲಸ ಶುರು ಮಾಡಿ 24 ವರ್ಷ ಆಯಿತು. ಶಾಲೆ, ಪಂಚಾಯಿತಿ ಕಚೇರಿ, ಆಸ್ಪತ್ರೆಯ ಒಂದು ಭಾಗ, ಗ್ರಂಥಾಲಯ, ಬಸ್ ತಂಗುದಾಣ, ನಡುವೆ ಕೆಲವು ಹಳೇ ಕಟ್ಟಡಗಳನ್ನು ರಿಪೇರಿ ಮಾಡಿ ಬೇರೆ ಕೆಲಸಕ್ಕೆ ಬರುವ ಹಾಗೆ ಮಾಡಿದ್ದು. ಮನೆಗಳೂ ಇವೆ, ಹೊಟ್ಟೆಪಾಡು ನಡೆಯುವುದೇ ಮನೆಗಳಿಂದ. ಆದರೆ ರಾತ್ರಿ ನಿದ್ದೆ ಬಾರದಿದ್ದಾಗ ತಲೆಯಲ್ಲಿ ತಿರುಗುವುದು ಸಾರ್ವಜನಿಕ ಕಟ್ಟಡಗಳೇ. ಮನೆಯಲ್ಲಿ ತಪ್ಪಾದರೆ ಮನೆಯವರು ಫೋನ್ ಮಾಡಿ ಬೈಯುತ್ತಾರೆ, ಸರಿ ಮಾಡಬಹುದು. ಕಚೇರಿಯಲ್ಲಿ ತಪ್ಪಾದರೆ ಯಾರೂ ಫೋನ್ ಮಾಡುವುದಿಲ್ಲ. ಜನ ಸುಮ್ನೆ ಮಳೆಯಲ್ಲಿ ನಿಲ್ಲುತ್ತಾರೆ.

ಇದು ನಾನು ಕಣ್ಣಾರೆ ನೋಡಿದ್ದು. ನನ್ನ ಮೊದಲ ಸರ್ಕಾರಿ ಕೆಲಸ ಮಲೆನಾಡಿನ ಅಂಚಿನ ಒಂದು ಊರಿನ ಕಚೇರಿ. ಆಗ ನನಗೆ 27 ವರ್ಷ. ಬೆಂಗಳೂರಿನಲ್ಲಿ ಓದಿ ಬಂದ ಹುರುಪು. ಎದುರಿಗೆ ಎತ್ತರದ ಗಾಜಿನ ಗೋಡೆ, ಅದರ ಮೇಲೆ ತೆಳ್ಳಗಿನ ಕಾಂಕ್ರೀಟ್ ಚಾವಣಿ, ಮೂರಡಿ ಮಾತ್ರ ಮುಂದೆ ಚಾಚಿದ್ದು. ಫೋಟೋದಲ್ಲಿ ತುಂಬ ಚೆನ್ನಾಗಿತ್ತು. ಉದ್ಘಾಟನೆ ಮಾರ್ಚ್ ತಿಂಗಳಲ್ಲಿ ಆಯಿತು, ಎಲ್ಲರೂ ಹೊಗಳಿದರು. ಜುಲೈನಲ್ಲಿ ಏನೋ ಒಂದು ಬಿಲ್ಲಿನ ವಿಷಯಕ್ಕೆ ಹೋದೆ. ಗಾಳಿ ಮಳೆ. ಮಲೆನಾಡಿನ ಮಳೆ ಮೇಲಿಂದ ನೇರ ಬೀಳುವುದಿಲ್ಲ, ಅಡ್ಡಡ್ಡ ಹೊಡೆಯುತ್ತದೆ. ಇದು ನನಗೆ ಹುಟ್ಟಿನಿಂದ ಗೊತ್ತಿದ್ದ ವಿಷಯ, ಆದರೂ ಡ್ರಾಯಿಂಗ್ ಹಾಕುವಾಗ ನೆನಪಾಗಿರಲಿಲ್ಲ. ಗಾಜಿನ ಗೋಡೆಗೆ ಬೆನ್ನು ಕೊಟ್ಟು ಹದಿನೈದು ಇಪ್ಪತ್ತು ಜನ ನಿಂತಿದ್ದರು. ಒಬ್ಬ ವಯಸ್ಸಾದ ರೈತ ಪಹಣಿ ಕಾಗದಗಳನ್ನು ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯ ಒಳಗೆ ಹೊಟ್ಟೆಗೆ ಒತ್ತಿಕೊಂಡಿದ್ದರು. ಮೊಣಕಾಲಿನ ತನಕ ನೆಂದಿದ್ದರು. ನಾನು ಅಲ್ಲಿಯ ನೌಕರಳು ಅಂದುಕೊಂಡರೋ ಏನೋ, "ಅವ್ವಾ, ಒಂಚೂರು ಒಳಗೆ ನಿಂತ್ಕೋಬೋದಾ?" ಅಂತ ಕೇಳಿದರು.

ಒಳಗೆ ನಿಲ್ಲುವುದಕ್ಕೂ ಜಾಗ ಇರಲಿಲ್ಲ. ಬಾಗಿಲು ತೆಗೆದ ತಕ್ಷಣ ಕೌಂಟರು. ಅದನ್ನು ಹಾಗೆ ಮಾಡಿದವಳು ನಾನೇ.

ಆವತ್ತು ಬಸ್ಸಿನಲ್ಲಿ ಹಾಸನಕ್ಕೆ ವಾಪಸ್ ಬರುವಾಗ ಆ ಕಟ್ಟಡದ ಪ್ಲಾನನ್ನು ಮನಸ್ಸಿನಲ್ಲೇ ಬಿಡಿಸಿ ನೋಡಿದೆ. ದೊಡ್ಡ ಸಾಹೇಬರ ಕೋಣೆ ಎಷ್ಟು ಚದರಡಿ, ಅವರ ಶೌಚಾಲಯ ಎಷ್ಟು, ರೆಕಾರ್ಡ್ ರೂಮು ಎಷ್ಟು, ಜೀಪು ನಿಲ್ಲಿಸಲು ಎಷ್ಟು, ಎಲ್ಲ ಪಟ್ಟಿಯಲ್ಲಿತ್ತು. ಕಾಯುವವರಿಗೆ ಎಷ್ಟು ಅಂತ ಪಟ್ಟಿಯಲ್ಲಿ ಇರಲಿಲ್ಲ, ಹಾಗಾಗಿ ನಾನು ಕೊಡಲೂ ಇಲ್ಲ. ಆಮೇಲೆ ಇಷ್ಟು ವರ್ಷದಲ್ಲಿ ಎಷ್ಟೋ ಪಟ್ಟಿಗಳು ಕೈಗೆ ಬಂದಿವೆ. ಆ ಸಾಲು ಒಂದರಲ್ಲೂ ಬಂದಿಲ್ಲ. ಈಗ ನಾನೇ ಸೇರಿಸುತ್ತೇನೆ, ಎಲ್ಲಕ್ಕಿಂತ ಮೇಲೆ.

ನಮ್ಮ ಅಜ್ಜಿಯ ಊರು ಜಾವಗಲ್ ಹತ್ತಿರ. ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ಅಲ್ಲಿ. ಅಜ್ಜಿ ಬೆಳವಾಡಿಗೆ ಕರೆದುಕೊಂಡು ಹೋಗುತ್ತಿದ್ದರು, ವೀರನಾರಾಯಣನ ಗುಡಿಗೆ. ಬೇಲೂರು ಹಳೇಬೀಡಿನಷ್ಟು ಜನ ಅಲ್ಲಿಗೆ ಬರುವುದಿಲ್ಲ, ಹೊರಗಿನ ಗೋಡೆಯಲ್ಲಿ ಅಷ್ಟು ಕೆತ್ತನೆಯೂ ಇಲ್ಲ. ಆದರೆ ಅದರ ಮುಂದಿನ ತೆರೆದ ಮಂಟಪ ಇದೆಯಲ್ಲ, ಕರಿ ಕನ್ನಡಿಯ ಹಾಗೆ ಹೊಳೆಯುವ ಕಂಬಗಳ ಸಾಲು, ಅಂಚಿನ ಗಿಡ್ಡ ಗೋಡೆಗೆ ಅಂಟಿಕೊಂಡು ಕೂರಲು ಕಲ್ಲಿನ ಕಟ್ಟೆ, ಅಂಥ ಜಾಗ ನಾನು ಇನ್ನೊಂದು ಕಂಡಿಲ್ಲ. ಪೂಜೆಗೆ ಇನ್ನೂ ಹೊತ್ತಿದೆ ಅಂದರೆ ಅಜ್ಜಿ ಅಲ್ಲೇ ಸೆರಗು ಹಾಸಿ ಮಲಗಿಬಿಡುತ್ತಿದ್ದರು. ಹೊರಗೆ ಏಪ್ರಿಲ್ ಬಿಸಿಲು, ಒಳಗೆ ಕಲ್ಲು ತಣ್ಣಗೆ. ಎಂಟುನೂರು ವರ್ಷದ ಹಿಂದೆ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಯಾರೋ ಒಬ್ಬ ಓಜ, ಅಂದರೆ ಶಿಲ್ಪಿ, ದೇವರಿಗೆ ಎಷ್ಟು ಜಾಗ ಬೇಕು ಅಂತ ಯೋಚಿಸಿದ ಮೇಲೆ ದೇವರ ಮುಂದೆ ಕಾಯುವವರಿಗೆ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಜಾಗ ಬಿಟ್ಟಿದ್ದಾನೆ. ನಾನು ಐದು ವರ್ಷ ಕಾಲೇಜಿನಲ್ಲಿ ಕಲಿತದ್ದಕ್ಕೂ ಮೊದಲೇ ಆ ಕಲ್ಲಿನ ಮೇಲೆ ಕೂತು ಇದನ್ನು ಕಲಿತಿದ್ದೆ. ಕಲಿತದ್ದು ಗೊತ್ತಾಗಲು ಆ ಜುಲೈ ಮಳೆ ಬೇಕಾಯಿತು.

ಬೇಲೂರಿನಲ್ಲಿ ಇನ್ನೊಂದು ಪಾಠ ಇದೆ. ಚೆನ್ನಕೇಶವನ ಗುಡಿ ಶುರುವಾದದ್ದು 1117ರಲ್ಲಿ, ವಿಷ್ಣುವರ್ಧನನ ಕಾಲ. ಆಗ ಅದರ ನವರಂಗವೂ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪವೂ, ಸುತ್ತ ತೆರೆದೇ ಇತ್ತು. ಈಗ ನಾವು ನೋಡುವ ಜಾಲಂಧ್ರಗಳನ್ನು, ಅಂದರೆ ತೂತು ತೂತಿನ ಕಲ್ಲಿನ ಜಾಲರಿಗಳನ್ನು, ಸುಮಾರು ಐವತ್ತು ವರ್ಷ ಆದ ಮೇಲೆ ವೀರಬಲ್ಲಾಳನ ಕಾಲದಲ್ಲಿ ಕೂರಿಸಿದರು. ಏನೋ ಕಾರಣಕ್ಕೆ ಮುಚ್ಚಬೇಕಾಯಿತು. ಮುಚ್ಚಿದರು. ಆದರೆ ಕಂಬ ಕೀಳಲಿಲ್ಲ, ಗೋಡೆ ಎಬ್ಬಿಸಿ ಕತ್ತಲೆ ಮಾಡಲಿಲ್ಲ. ಗಾಳಿ ಬೆಳಕು ಬರುವ ಹಾಗೆ ಮುಚ್ಚಿದರು. ಹಳೇ ಕಟ್ಟಡಕ್ಕೆ ಹೊಸ ಕೆಲಸ ಕೊಡುವುದು ಹೇಗೆ ಅಂತ ಯಾರಾದರೂ ಹುಡುಗರು ನನ್ನನ್ನು ಕೇಳಿದರೆ, ಮೊದಲು ಬೇಲೂರಿಗೆ ಹೋಗಿ ಒಳಗೆ ನಿಂತು ಆ ಜಾಲಂಧ್ರದ ಬೆಳಕು ನೋಡಿ ಬನ್ನಿ ಅನ್ನುತ್ತೇನೆ.

ಈಗ ಒಂದು ಶಾಲೆಯ ವಿಷಯ ಹೇಳಬೇಕು.

ಚಿಕ್ಕಮಗಳೂರು ಜಿಲ್ಲೆಯ ಒಂದು ಸಣ್ಣ ಊರು. ಮೈಸೂರು ಸಂಸ್ಥಾನದ ಕಾಲದ ಶಾಲೆ. ಉದ್ದನೆಯ ಒಂದೇ ಸಾಲು ಕೋಣೆಗಳು, ಮಂಗಳೂರು ಹೆಂಚು, ಮುಂದೆ ಒಂಬತ್ತಡಿ ಅಗಲದ ಜಗಲಿ, ಮರದ ಕಂಬಗಳು. ಮಕ್ಕಳು ಹೊಸ ಕಟ್ಟಡಕ್ಕೆ ಹೋಗಿ ಆರು ವರ್ಷ ಆಗಿತ್ತು. ಖಾಲಿ ಬಿದ್ದ ಕಟ್ಟಡಕ್ಕೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಒಂದು ಹೆಂಚು ಜಾರುತ್ತದೆ, ಸರಿ ಮಾಡುವವರಿಲ್ಲ, ಮಳೆ ಒಳಗೆ ಬರುತ್ತದೆ, ಗೋಡೆಯಲ್ಲಿ ಅರಳಿ ಗಿಡ ಹುಟ್ಟುತ್ತದೆ. ಆಮೇಲೆ 'ಶಿಥಿಲವಾಗಿದೆ' ಅಂತ ಒಂದು ವರದಿ ಬರುತ್ತದೆ. ಆ ಒಂದು ಪದ ಬಿತ್ತು ಅಂದರೆ ಮುಗಿಯಿತು, ಮುಂದಿನದು ಜೆಸಿಬಿ. ಇಲ್ಲೂ ವರದಿ ಬಂದಾಗಿತ್ತು. ಊರಿನ ಕೆಲವರು, ಅಲ್ಲೇ ಓದಿದವರು, ಒಂದು ಸಲ ಬಂದು ನೋಡಿ ಅಂತ ನನ್ನ ಹತ್ತಿರ ಬಂದರು. ಅಲ್ಲಿ ಗ್ರಂಥಾಲಯ ಮಾಡಬೇಕು ಅನ್ನುವುದು ಅವರ ಆಸೆ.

ಹೋಗಿ ಏಣಿ ಹಾಕಿ ಹತ್ತಿದೆ. ಇಂಥ ಕಟ್ಟಡದಲ್ಲಿ ಮೊದಲು ನೋಡಬೇಕಾದ್ದು ತೊಲೆಯ ತುದಿ. ತೊಲೆ ಗೋಡೆಯ ಒಳಗೆ ಕೂರುವ ಜಾಗದಲ್ಲಿ ಗಾಳಿ ಆಡುವುದಿಲ್ಲ, ತೇವ ಹಿಡಿದುಕೊಳ್ಳುತ್ತದೆ, ಮರ ಕೊಳೆಯುವುದು ಅಲ್ಲಿಂದಲೇ. ಸ್ಕ್ರೂಡ್ರೈವರ್ ತೆಗೆದುಕೊಂಡು ಒಂದೊಂದೇ ತುದಿ ಚುಚ್ಚಿ ನೋಡಿದೆ. ಕೆಲವು ಕಡೆ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಆದರೆ ಗೋಡೆಯಿಂದ ಒಂದಡಿ ಈಚೆಗೆ ಬಂದರೆ ಮೊನೆ ಕೂಡ ಇಳಿಯಲಿಲ್ಲ. ಹದಿನಾಲ್ಕು ತೊಲೆಗಳಲ್ಲಿ ಐದರ ತುದಿ ಮಾತ್ರ ಹೋಗಿತ್ತು. ಕೊಳೆತ ಒಂದಡಿ ಕತ್ತರಿಸಿ, ಒಳ್ಳೆಯ ಮರ ಕೂಡಿಸಿ, ಎರಡೂ ಕಡೆ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟ್ ಹಾಕಿದರೆ ಇನ್ನೂ ಒಂದು ತಲೆಮಾರು ನಿಲ್ಲುತ್ತದೆ. ಇದಕ್ಕೆ ಇಡೀ ಕಟ್ಟಡ ಕೆಡವಬೇಕಾ? ಹಲ್ಲು ಹುಳುಕಾದರೆ ದವಡೆ ತೆಗೆಯುತ್ತೇವಾ?

ಗೋಡೆಯದು ಬೇರೆ ಕಥೆ. ಹಿಂದೊಮ್ಮೆ ರಿಪೇರಿ ಮಾಡಿದವರು ಕೆಳಗಿನ ನಾಲ್ಕಡಿಗೆ ಗಟ್ಟಿಯಾಗಿರಲಿ ಅಂತ ಸಿಮೆಂಟ್ ಹೊಡೆದಿದ್ದರು. ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದು. ಆದರೆ ನೆಲದಿಂದ ಏರುವ ತೇವ ಮೊದಲು ಸುಣ್ಣದ ಗಾರೆಯ ಮೂಲಕ ಅಲ್ಲಲ್ಲೇ ಆರಿಹೋಗುತ್ತಿತ್ತು, ಈಗ ಹೊರಗೆ ಬರಲು ದಾರಿ ಇಲ್ಲದೆ ಮೇಲೆ ಮೇಲೆ ಹತ್ತಿತ್ತು. ಸಿಮೆಂಟಿನ ಗೆರೆ ಮುಗಿದಲ್ಲಿಂದ ಇಟ್ಟಿಗೆ ಉಪ್ಪು ಬಿಟ್ಟು ಪುಡಿಪುಡಿಯಾಗಿ ಉದುರುತ್ತಿತ್ತು. ಶಿಥಿಲ ಅಂತ ಎಲ್ಲರೂ ಬೆರಳು ತೋರಿಸಿದ್ದು ಅದೇ ಗೆರೆಗೆ.

ಗಾರೆ ಕೆಲಸ ಗೊತ್ತಿದ್ದ ಮೇಸ್ತ್ರಿಯನ್ನು ಹುಡುಕಲು ಎರಡು ತಿಂಗಳು ಹಿಡಿಯಿತು. ಕೊನೆಗೆ ಬೇಲೂರು ಕಡೆಯ ಒಬ್ಬ ಅಜ್ಜ ಸಿಕ್ಕಿದರು. ಎಪ್ಪತ್ತರ ಮೇಲೆ ವಯಸ್ಸು, ಮಗ ಟೈಲ್ಸ್ ಕೆಲಸಕ್ಕೆ ಹೋಗುತ್ತಾನೆ, ಗಾರೆ ಕರಣೆ ಅಟ್ಟದ ಮೇಲೆ ಸೇರಿತ್ತು. ಗುಂಡಿ ತೆಗೆಸಿ ಸುಣ್ಣ ಅರಳಿಸಿ ಮೂರು ವಾರ ನೆನೆಯಲು ಬಿಟ್ಟರು. ನನಗೆ ಆತುರ, ಮಳೆಗಾಲ ಹತ್ತಿರ ಬರುತ್ತಿತ್ತು. ದಿನಾ ಬೆಳಿಗ್ಗೆ ಫೋನ್ ಮಾಡಿ ಕೇಳುತ್ತಿದ್ದೆ. "ಹಿಟ್ಟು ಹುಳಿ ಬರ್ದೆ ದೋಸೆ ಹುಯ್ತೀಯಾ ನೀನು? ಸುಮ್ನಿರು ಕಣವ್ವ" ಅಂದರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು, ಇಟ್ಟಿಗೆ ಪುಡಿ, ಮರಳು. ಕರಣೆಯ ಮೇಲೆ ಒಂದು ಮುದ್ದೆ ಇಟ್ಟು ತಲೆಕೆಳಗೆ ಮಾಡಿ ಹಿಡಿಯುತ್ತಿದ್ದರು, ಅದು ಬೀಳದೆ ಅಂಟಿಕೊಂಡಿದ್ದರೆ ಹದ ಬಂತು ಅಂತ ಲೆಕ್ಕ. ಸಿಮೆಂಟ್ ಎಲ್ಲ ಕೆತ್ತಿ ತೆಗೆಸಿ, ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಒಣಗಲು ಬಿಟ್ಟು, ಆಮೇಲೆ ಗಾರೆ ಹಿಡಿಸಿದರು. "ಗೋಡೇಗೂ ಬೆವರು ಬತ್ತದೆ ಕಣವ್ವ. ಸಿಮೆಂಟ್ ಹಾಕುದ್ರೆ ಪ್ಲಾಸ್ಟಿಕ್ ಅಂಗಿ ತೊಡಿಸ್ದಂಗೆ." ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ ಅಂತ ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಅದು ಬೆವರುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಹೆಂಚುಗಳನ್ನು ಒಂದೊಂದಾಗಿ ಇಳಿಸಿ ಬೆರಳ ಗೆಣ್ಣಿನಲ್ಲಿ ತಟ್ಟಿ ನೋಡಿದೆವು. ಠಣ್ ಅಂದರೆ ಒಳ್ಳೆಯದು, ದಪ್ಪ ಸದ್ದು ಬಂದರೆ ಬಿರುಕು ಇದೆ ಅಂತ. ಮುಕ್ಕಾಲು ಪಾಲು ಠಣ್ ಅಂದವು. ಹಿಂದೆ ತಿರುಗಿಸಿದರೆ ಮಂಗಳೂರಿನ ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿ ಇನ್ನೂ ಸ್ಪಷ್ಟ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹೆಂಚಿನ ಕೆಲಸ, ಆಮೇಲೆ ಎಷ್ಟೋ ಕಾರ್ಖಾನೆಗಳಾಗಿ ಬೆಳೆದು, ಘಟ್ಟ ಹತ್ತಿ ಬಂದು, ನಮ್ಮ ಕಡೆಯ ಶಾಲೆ, ಸ್ಟೇಷನ್, ಕಾಫಿ ತೋಟದ ಬಂಗಲೆ ಎಲ್ಲದರ ತಲೆ ಮೇಲೂ ಕೂತಿದೆ.

ಜಗಲಿಯ ಮೇಲೆ ಮಾತ್ರ ದೊಡ್ಡ ಜಗಳ ಆಯಿತು. ಪುಸ್ತಕಕ್ಕೆ ಜಾಗ ಸಾಲದು, ಜಗಲಿಗೆ ಗೋಡೆ ಕಟ್ಟಿ ಒಳಗೆ ಸೇರಿಸಿ ಅಂತ ಹಣ ಕೊಡುವವರ ಒತ್ತಾಯ. "ಇಷ್ಟೊಂದು ಜಾಗ ಸುಮ್ನೆ ವೇಸ್ಟ್ ಅಲ್ವಾ ಮೇಡಂ?" ನಾನು ಒಪ್ಪಲಿಲ್ಲ. ನಾಲ್ಕು ಮೀಟಿಂಗ್ ಆಯಿತು. ಕೊನೆಗೆ ಒಂದು ತುದಿಯ ಎರಡು ಅಂಕಣ, ಅಂದರೆ ಕಂಬ ಕಂಬದ ನಡುವಿನ ಜಾಗ, ಮಾತ್ರ ಮರದ ಜಾಲರಿ ಹಾಕಿ ಪೇಪರ್ ಓದುವ ಜಾಗ ಮಾಡಿಕೊಟ್ಟೆ, ಬೇಲೂರಿನದು ನೆನಪಿಟ್ಟುಕೊಂಡು. ಉಳಿದದ್ದು ಹಾಗೇ ಉಳಿಯಿತು. ಈಗ ಸಂಜೆ ನಾಲ್ಕೂವರೆಗೆ ಹೋದರೆ ಆ ಜಗಲಿಯ ತುಂಬ ಶಾಲೆ ಮಕ್ಕಳು, ಐದೂಕಾಲಿನ ಬಸ್ಸಿಗೆ ಕಾಯುವವರು. ಅರ್ಧ ಜನ ಪುಸ್ತಕ ಮುಟ್ಟುವುದಿಲ್ಲ, ಹುಣಸೆ ಬೀಜ ಆಡುತ್ತಾರೆ. ಇರಲಿ ಬಿಡಿ. ಆಶ್ಲೇಷ ಮಳೆ ಹೊಡೆಯುವಾಗ ಒಂದು ಹನಿ ಅವರ ಮೇಲೆ ಬೀಳುವುದಿಲ್ಲ.

ಉಳಿಸುವುದು ಅಂದರೆ ಬರೀ ಹಳೇದರ ಮೇಲಿನ ಮೋಹ ಅಂತ ಅಂದುಕೊಳ್ಳುವವರು ಜಾಸ್ತಿ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ 2012ರಲ್ಲಿ ಕುಸಿದು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಆ ಸುದ್ದಿ ಓದಿದ ಮೇಲೆ ಹಳೇ ಕಟ್ಟಡ ಅಂದರೆ ಅಪಾಯ ಅಂತ ಎಲ್ಲರ ಮನಸ್ಸಿನಲ್ಲೂ ಕೂತಿದೆ, ಆ ಭಯ ಸುಳ್ಳೂ ಅಲ್ಲ. ಆದರೆ ಹಳೇ ಕಟ್ಟಡ ಉಳಿಯಲು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ನೋಡುವ ಒಬ್ಬ ಮನುಷ್ಯ ಬೇಕು, ಅಷ್ಟೇ. ಬೆಂಗಳೂರಿನ ಹಳೇ ಸೆಂಟ್ರಲ್ ಜೈಲು ಫ್ರೀಡಂ ಪಾರ್ಕ್ ಆಗಿ ಉಳಿದಿದೆ, ಮಾಣಿಕ್ಯವೇಲು ಬಂಗಲೆ ಕಲಾ ಗ್ಯಾಲರಿಯಾಗಿ 2009ರಿಂದ ನಡೆಯುತ್ತಿದೆ. ಅಲ್ಲಿ ದಿನವೂ ಜನ ಓಡಾಡುತ್ತಾರೆ, ಸೋರಿದರೆ ಅವತ್ತೇ ಗೊತ್ತಾಗುತ್ತದೆ. ನಮ್ಮ ಶೆಟ್ಟಿಹಳ್ಳಿ ಚರ್ಚ್ ನೋಡಿ. ಹೇಮಾವತಿ ಜಲಾಶಯಕ್ಕೆ ಊರು ಎದ್ದು ಹೋಯಿತು, ಚಾವಣಿ ಹೋಯಿತು, ನೀರು ಏರಿದಾಗ ಅರ್ಧ ಮುಳುಗಿ ಇಳಿದಾಗ ಮತ್ತೆ ಕಾಣಿಸುತ್ತದೆ. ಫೋಟೋ ತೆಗೆಯಲು ಎಲ್ಲಿಂದಲೋ ಬರುತ್ತಾರೆ. ನನಗೆ ಅಲ್ಲಿ ಹೋದಾಗಲೆಲ್ಲ ಅದರ ಒಳಗೆ ಒಂದು ಕಾಲದಲ್ಲಿ ಕೂತಿದ್ದ ಜನ ಎಲ್ಲಿ ಹೋದರು ಅಂತಲೇ ಅನಿಸುತ್ತದೆ.

ಕಟ್ಟಡ ಬಿಟ್ಟು ರಸ್ತೆಗೆ ಬಂದರೂ ನನ್ನ ತಕರಾರು ಇದೇ. ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ದೀಪಾವಳಿಯ ಹೊತ್ತಿಗೆ ಕೆಲವೇ ದಿನ ಬಾಗಿಲು ತೆಗೆಯುತ್ತದೆ. ಲಕ್ಷಗಟ್ಟಲೆ ಜನ ಬರುತ್ತಾರೆ. ಆ ದಿನಗಳಲ್ಲಿ ನಮ್ಮ ಊರನ್ನು ನೋಡಬೇಕು. ಸಾಲಿಗೆ ತಡೆಕಂಬ, ತಲೆ ಮೇಲೆ ಶಾಮಿಯಾನ, ಕಾಲ ಕೆಳಗೆ ಮ್ಯಾಟು, ಅಲ್ಲಲ್ಲಿ ಕುಡಿಯುವ ನೀರು. ಗಂಟೆಗಟ್ಟಲೆ ಕಾಯುವವರಿಗೆ ಏನು ಬೇಕು ಅಂತ ಹಾಸನಕ್ಕೆ ಗೊತ್ತಿದೆ. ಕೊರತೆ ಇರುತ್ತವೆ, ನೂಕುನುಗ್ಗಲೂ ಆಗುತ್ತದೆ, ಆದರೆ ಊರು ಕಾಯುವವರ ಬಗ್ಗೆ ಕೂತು ಯೋಚಿಸುತ್ತದೆ. ಬಾಗಿಲು ಹಾಕಿದ ಮಾರನೇ ದಿನ ಎಲ್ಲ ಬಿಚ್ಚಿ ಲಾರಿಗೆ ಏರಿಸುತ್ತಾರೆ. ಅದೇ ಊರಿನ ಬಿ.ಎಂ. ರಸ್ತೆಯಲ್ಲಿ ಅರಕಲಗೂಡು ಕಡೆಯ ಬಸ್ಸಿಗೆ ಕಾಯುವ ಗಾರ್ಮೆಂಟ್ಸ್ ಹುಡುಗಿಯರು ಚರಂಡಿಯ ಚಪ್ಪಡಿ ಮೇಲೆ ಒಂಟಿ ಕಾಲಲ್ಲಿ ನಿಂತಿರುತ್ತಾರೆ. ಉಳಿದ ಮುನ್ನೂರೈವತ್ತು ದಿನ ಕಾಯುವವರೂ ನಮ್ಮವರೇ ಅಲ್ವಾ?

ಚಿಕ್ಕಮಗಳೂರಿನಲ್ಲಿ ಕಷ್ಟ ಬೇರೆ ಥರದ್ದು. ಶನಿವಾರ ಭಾನುವಾರ ಬಂತು ಅಂದರೆ ಮುಳ್ಳಯ್ಯನಗಿರಿಗೆ ಹೋಗುವ ಕಾರುಗಳು. ಅವಕ್ಕೆ ಜಾಗ ಮಾಡಲು ಯಾವಾಗಲೂ ಮೊದಲು ಹೋಗುವುದು ಮರ, ಆಮೇಲೆ ಫುಟ್‌ಪಾತ್. ಎಂ.ಜಿ. ರಸ್ತೆಯಲ್ಲಿ ಒಂದು ಮೀಟಿಂಗಿಗೆ ನಡೆದು ಹೋಗುವಾಗ ಹಳೇ ಅಂಗಡಿಗಳ ಮುಂದೆ ಉಳಿದಿರುವ ಹೆಂಚಿನ ಇಳಿಜಾರಿನ ಕೆಳಗೇ ದಾಟಿಕೊಂಡು ಹೋದೆ, ಹೊಸ ಅಂಗಡಿ ಬಂದಲ್ಲಿ ಕೊಡೆ ಬಿಚ್ಚಿದೆ. ಯಾವ ಅಂಗಡಿ ಹಳೇದು ಯಾವುದು ಹೊಸದು ಅಂತ ತಲೆ ಎತ್ತಿ ನೋಡುವುದೇ ಬೇಡ, ಕೊಡೆ ಹೇಳುತ್ತದೆ. ಹಳಬರು ಸ್ವಂತ ಜಾಗದಲ್ಲಿ ನಾಲ್ಕಡಿ ಬಿಟ್ಟು ದಾರಿಹೋಕರಿಗೆ ಸೂರು ಕೊಟ್ಟಿದ್ದರು. ಈಗಿನ ನಕ್ಷೆ ಮಂಜೂರಾತಿಯಲ್ಲಿ ಅದೇ ನಾಲ್ಕಡಿಯನ್ನು ಕೇಳಿ ಪಡೆಯಬಹುದು ಅಂತ ಆ ಮೀಟಿಂಗಿನಲ್ಲಿ ಹೇಳಿದೆ. ಟೀ ಬಂತು, ವಿಷಯ ಅಲ್ಲಿಗೇ ನಿಂತಿತು. ಮತ್ತೆ ಹೇಳುತ್ತೇನೆ.

ಸದ್ಯ ಕೈಯಲ್ಲಿರುವುದು ಹಾಸನ ತಾಲ್ಲೂಕಿನ ಒಂದು ಹಳ್ಳಿಯ ಬಸ್ ತಂಗುದಾಣ. ಸಣ್ಣ ಕೆಲಸ. ಆಫೀಸಿನ ಹುಡುಗರು "ಇದಕ್ಕೆಲ್ಲ ನೀವೇ ಯಾಕೆ ಹೋಗ್ತೀರಾ ಮೇಡಂ" ಅಂದರು. ಹೋದ ವಾರ ಸೈಟಿಗೆ ಹೋಗಿ ಇಟ್ಟಿಗೆ ಪೇರಿಸಿ ಕಟ್ಟೆಯ ಎತ್ತರ ನೋಡುತ್ತಿದ್ದೆ. ಡ್ರಾಯಿಂಗಿನಲ್ಲಿ ಹದಿನೆಂಟು ಇಂಚು, ಎಲ್ಲ ಕಡೆ ಹಾಕುವ ಅಳತೆ. ಸೊಪ್ಪಿನ ಕುಕ್ಕೆ ಹಿಡಿದು ಬಸ್ಸಿಗೆ ನಿಂತಿದ್ದ ಒಬ್ಬ ಅಜ್ಜಿ ನೋಡುತ್ತಾ ಇದ್ದರು. "ಅಜ್ಜಿ, ಬನ್ನಿ, ಒಂಚೂರು ಕೂತು ನೋಡಿ" ಅಂದೆ. ಕೂತರು. ಹಿಮ್ಮಡಿ ನೆಲಕ್ಕೆ ತಾಗಲಿಲ್ಲ, ಕಾಲು ಜೋತಾಡುತ್ತಿದ್ದವು. ಒಂದು ವರಸೆ ಇಟ್ಟಿಗೆ ತೆಗೆದೆವು. ಮತ್ತೆ ಕೂತರು, ಪಾದ ಊರಿದರು, ಕುಕ್ಕೆಯನ್ನು ಪಕ್ಕದಲ್ಲಿ ಇಟ್ಟುಕೊಂಡು ಕಟ್ಟೆಯ ಅಗಲ ಕೈಯಲ್ಲಿ ಅಳೆದರು.

"ಈಗ ಸರ್ಯಾಯ್ತು ಕಣವ್ವ. ಕುಕ್ಕೆಗೂ ಜಾಗ ಅದೆ."

ಬಸ್ಸು ಬರುವ ತನಕ ಅವರು ಏಳಲಿಲ್ಲ. ನಾನು ಜೀಪಿನ ಬಾನೆಟ್ ಮೇಲೆ ಡ್ರಾಯಿಂಗ್ ಹರವಿ, ಹದಿನೆಂಟನ್ನು ಹೊಡೆದು ಹದಿನೈದು ಅಂತ ಬರೆದೆ.